ಮೇಲೇಳದ ಶಿಲುಬೆ

“ಎತ್ತೋ!” ಎಂದ ಡುಮ್ಮ.

“ಎತ್ತುತ್ತಾ ಇದ್ದೀನಲ್ಲೋ!” ಎಂದ ಲಂಬು. ಅವನ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಶಿಲುಬೆ ಮಾತ್ರ ನೆಲ ಬಿಟ್ಟು ಏಳಲಿಲ್ಲ.

ಚರ್ಚಿನ ಹಿಂದಿನ ಹಾಲ್‌ನಲ್ಲಿ ನಾಟಕದ ರಿಹರ್ಸಲ್ ನಡೆಯುತ್ತಿತ್ತು. ಲಂಬು ಯೇಸುವಿನ ಪಾತ್ರ. ಡುಮ್ಮ ಸೈನಿಕ, ಸೊಂಟದಲ್ಲಿ ರಟ್ಟಿನ ಕತ್ತಿ. ಶಿಲುಬೆ ಮಾಡಿ ತಂದ ಬಡಗಿ ಮಾವ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

“ಏನಣ್ಣಾ ಇದು, ಮೂಗಿಗಿಂತ ಮೂಗುತಿ ಭಾರ!” ಎಂದರು ಸಂಡೇ ಸ್ಕೂಲ್ ಟೀಚರ್.

“ಚರ್ಚಿಗೊಂದು ಶಿಲುಬೆ ಬೇಕು ಅಂದ್ರಿ ಟೀಚರ್. ಮಕ್ಕಳ ನಾಟಕಕ್ಕೆ ಅಂತ ಯಾರು ಹೇಳಿದ್ರು? ಅಂಗಳದಲ್ಲಿ ನಿಲ್ಲಿಸ್ತಾರೇನೋ, ಗಾಳಿಗೆ ಅಲ್ಲಾಡಬಾರದು ಅಂತ ಬಾಗಿಲ ಚೌಕಟ್ಟಿನ ಮರಾನೇ ಹಾಕ್ಬಿಟ್ಟೆ.”

ಎಲ್ಲರೂ ನಕ್ಕರು. ಕಡ್ಡಿ ನಗಲಿಲ್ಲ. ಅವಳು ಬೆಂಚಿನ ತುದಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

ಕಡ್ಡಿ ಎನ್ನುವುದು ತೆಳ್ಳಗಿದ್ದುದಕ್ಕೆ ಬಂದ ಹೆಸರು. ನಾಟಕದಲ್ಲಿ ಅವಳದು ದಾರಿಹೋಕನ ಪಾರ್ಟು. ಹೊಲದಿಂದ ತನ್ನ ಪಾಡಿಗೆ ಬರುತ್ತಿದ್ದವನನ್ನು ಸೈನಿಕರು ಹಿಡಿದು, ಯೇಸುವಿನ ಶಿಲುಬೆಯನ್ನು ಅವನ ಮೇಲೆ ಹೊರಿಸುತ್ತಾರೆ. ಒಂದೇ ಒಂದು ಡೈಲಾಗೂ ಇಲ್ಲ.

ಅವಳ ಸಿಟ್ಟು ಅದಕ್ಕಲ್ಲ. ಈ ನಾಟಕವೇ ಬೇಡ ಎಂದು ಟೀಚರ್‌ಗೆ ಹೇಳಿಬಿಡಬೇಕು ಎಂದು ಅವಳು ನಿನ್ನೆ ಸಂಜೆಯಿಂದ ಕಾಯುತ್ತಿದ್ದಳು.

ನಿನ್ನೆ ಸಂಜೆ ಅವಳು ಅಮ್ಮನನ್ನು ಕರೆಯಲು ಲಾಂಡ್ರಿಗೆ ಹೋಗಿದ್ದಳು. ಅಮ್ಮ ಅಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಾಳೆ. ವ್ಯಾನ್ ಬಂದು ಗಂಟುಗಳನ್ನು ಒಯ್ಯುವವರೆಗೆ ಅಲ್ಲಿ ಯಾರೂ ಕೂರುವಂತಿಲ್ಲ. ಕೂರಲು ಏನೂ ಇಲ್ಲ ಕೂಡ. ಇಡೀ ಕೋಣೆಗೆ ಒಂದೇ ಕುರ್ಚಿ. ಅದಕ್ಕೊಂದು ದಿಂಬು. ಅದು ಯಜಮಾನಿಯದು.

ಅಮ್ಮನ ಕಾಲು ಬಾತು, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು.

“ಮೇಡಂ, ಒಂದು ಸ್ಟೂಲ್ ಇದ್ರೆ... ಮಧ್ಯ ಮಧ್ಯ ಸ್ವಲ್ಪ ಕೂತ್ಕೋಬಹುದಿತ್ತು,” ಎಂದಿದ್ದಳು ಅಮ್ಮ.

ಯಜಮಾನಿ ಕೂತಲ್ಲಿಂದ ಏಳಲೂ ಇಲ್ಲ. “ಚರ್ಚಿಗೆ ಹೋಗ್ತೀರಲ್ಲ? ಯೇಸುವೇ ಹೇಳಿಲ್ವಾ, ಅವರವರ ಶಿಲುಬೆ ಅವರವರು ಹೊರಬೇಕು ಅಂತ? ಹೊತ್ಕೊಳ್ಳಿ ನಿಮ್ಮ ಶಿಲುಬೆ. ನಡೀರಿ, ನಡೀರಿ, ವ್ಯಾನ್ ಬರೋ ಹೊತ್ತಾಯ್ತು.”

ಅಮ್ಮ ಮತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಆವಿ ಎದ್ದು ಮುಖಕ್ಕೆ ಹೊಡೆಯಿತು.

ಹಾಗಾದರೆ ಅಮ್ಮನ ಕಾಲುನೋವು ಯೇಸು ಕೊಟ್ಟಿದ್ದೇ? ಕಡ್ಡಿಗೆ ರಾತ್ರಿ ಊಟ ಸೇರಿರಲಿಲ್ಲ.

“ಎಲ್ಲಾ ರೆಡಿ? ಸೈನಿಕ, ನಿನ್ನ ಡೈಲಾಗ್!” ಎಂದರು ಟೀಚರ್.

ಡುಮ್ಮ ಹೊಟ್ಟೆ ಮುಂದೆ ಮಾಡಿ ಅರಚಿದ: “ಹೊತ್ಕೋ ನಿನ್ನ ಶಿಲುಬೆ! ನಡಿ, ನಡಿ!”

ಕಡ್ಡಿ ಬೆಚ್ಚಿಬಿದ್ದಳು. ಅದೇ ಮಾತು. ಅದೇ ರಾಗ.

“ಟೀಚರ್, ಈ ಡೈಲಾಗ್ ಯಾರದು?”

“ಸೈನಿಕಂದು ಕಣಮ್ಮ.”

“ಯೇಸುದಲ್ವಾ?”

ಟೀಚರ್ ಬೆಳಗಿನಿಂದ ಪಾಠ ಮಾಡಿ ಬಂದವರು. ಗೋಡೆಗೆ ಒರಗಿ ನೆಲದ ಮೇಲೇ ಕೂತರು. “ಯೇಸುವೂ ಹೇಳಿದ್ದಾನೆ. ನಿಮ್ಮ ಶಿಲುಬೆ ಹೊತ್ಕೊಂಡು ನನ್ನ ಹಿಂದೆ ಬನ್ನಿ ಅಂತ.”

ಕಡ್ಡಿಯ ಮುಖ ಸಪ್ಪಗಾಯಿತು. ಆದರೂ ಕೇಳಿದಳು: “ಕೂತ್ಕೊಂಡು ಹೇಳಿದ್ನಾ?”

“ಕೂತ್ಕೊಂಡಾ?” ಟೀಚರ್ ಅವಳನ್ನೇ ನೋಡಿದರು. “ಹಿಂದೆ ಬನ್ನಿ ಅಂದವನು ತಾನು ಎಲ್ಲಿರ್ತಾನೆ?”

“ಮುಂದೆ.”

“ಮುಂದೆ ಏನ್ಮಾಡ್ತಾ ಇದ್ದಾನೆ?”

ಕಡ್ಡಿ ನೆಲದ ಮೇಲಿದ್ದ ಮರದ ಕಡೆ ನೋಡಿದಳು. “ಹೊರ್ತಾ ಇದ್ದಾನೆ.”

“ಹೂಂ. ಬಡವರ ಜೊತೆ ಕೂತು ಉಂಡ, ದೊಡ್ಡವರ ತಪ್ಪನ್ನ ಮುಖಕ್ಕೆ ಹೇಳ್ದ. ಅವರಿಗೆ ಸಿಟ್ಟು ಬಂತು. ಹಿಡಿದು ಮರಕ್ಕೆ ಜಡಿದ್ರು. ಓಡಿ ಹೋಗಬಹುದಿತ್ತು, ಹೋಗಲಿಲ್ಲ. ನಮ್ಮನ್ನ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ ಅವನಿಗೆ. ನಮ್ಮ ತಪ್ಪು, ನಮ್ಮ ನೋವು, ಎಲ್ಲಾ ತನ್ನ ಹೆಗಲ ಮೇಲೆ ಹಾಕ್ಕೊಂಡ.”

“ಆಮೇಲೆ ಎದ್ದು ಬರ್ತಾನೆ. ಅದು ಲಾಸ್ಟ್ ಸೀನ್!” ಎಂದ ಡುಮ್ಮ.

“ಮೊದಲು ಈ ಸೀನ್ ಮುಗೀಲಪ್ಪಾ,” ಎಂದು ಲಂಬು ನರಳಿದ. ಇನ್ನೊಮ್ಮೆ ಎತ್ತಲು ಹೋಗಿ ಮಂಡಿಯೂರಿ ಬಿದ್ದ.

“ಥರ್ಮಾಕೋಲ್‌ದು ಮಾಡೋಣ ಟೀಚರ್,” ಎಂದ ಡುಮ್ಮ.

“ಬೇಡ,” ಎಂದಳು ಕಡ್ಡಿ.

ಎದ್ದು ಹೋಗಿ, ಶಿಲುಬೆಯ ಉದ್ದನೆಯ ಬಾಲದ ಕೆಳಗೆ ಹೆಗಲು ಕೊಟ್ಟಳು. ಲಂಬು ಮುಂದೆ, ಅವಳು ಹಿಂದೆ. ಮರ ಕಿರುಗುಟ್ಟಿತು, ಓಲಾಡಿತು, ಮೇಲೆದ್ದಿತು.

“ಏಯ್ ಕಡ್ಡಿ, ಬಿಡಬೇಡ ಕಣೇ!” ಲಂಬು ಪಿಸುಗುಟ್ಟಿದ.

“ನೀನು ನಡಿಯೋ ಸುಮ್ನೆ.”

ಹಾಲ್‌ನ ಆ ತುದಿಯವರೆಗೂ ಶಿಲುಬೆ ನಡೆಯಿತು. ಅದಕ್ಕೆ ಡೈಲಾಗ್ ಬೇಕಾಗಲಿಲ್ಲ.

ರಿಹರ್ಸಲ್ ಮುಗಿಸಿ ಕಡ್ಡಿ ಲಾಂಡ್ರಿಗೆ ಹೋದಾಗ ವ್ಯಾನ್ ಬಂದು ನಿಂತಿತ್ತು. ಅಮ್ಮ ಒಂದು ದೊಡ್ಡ ಗಂಟನ್ನು ಬಾಗಿಲ ಕಡೆಗೆ ಎಳೆಯುತ್ತಿದ್ದಳು. ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು.

ಕಡ್ಡಿ ಒಳಗೆ ನುಗ್ಗಿ ಗಂಟಿನ ಇನ್ನೊಂದು ತುದಿ ಹಿಡಿದಳು.

“ಏಯ್, ಮಕ್ಕಳು ಒಳಗೆ ಬರೋ ಹಾಗಿಲ್ಲ!” ಕುರ್ಚಿಯಿಂದ ಯಜಮಾನಿಯ ದನಿ ಬಂತು.

“ತುಂಬಾ ಭಾರ ಇದೆ ಮೇಡಂ. ಈ ಕಡೆ ನೀವು ಹಿಡ್ಕೋತೀರಾ?”

ಕಡ್ಡಿ ನಿಜವಾಗಿಯೇ ಕೇಳಿದ್ದಳು. ಇಸ್ತ್ರಿ ಪೆಟ್ಟಿಗೆಗಳಷ್ಟೇ ಬುಸ್ಸೆನ್ನುತ್ತಿದ್ದವು. ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುತ್ತಿದ್ದ, ಕಡ್ಡಿ ‘ಅತ್ತೆ’ ಎಂದು ಕರೆಯುವ ಹೆಂಗಸು ತೋಳಿಗೆ ಬಾಯಿ ಒತ್ತಿ ನಗು ನುಂಗಿದಳು. ಆಮೇಲೆ ಬಂದು ತಾನೇ ಗಂಟಿಗೆ ಕೈ ಹಾಕಿದಳು.

ಯಜಮಾನಿ ಮೊಬೈಲ್ ನೋಡತೊಡಗಿದಳು.

ಗಂಟು ವ್ಯಾನ್ ಸೇರಿದ ಮೇಲೆ ಅಮ್ಮ ಬಾಗಿಲಲ್ಲಿ ನಿಂತಳು. ಅವಳ ದನಿ ಸೋತಿತ್ತು, ಆದರೆ ನಡುಗಲಿಲ್ಲ. “ಮೇಡಂ, ಸ್ಟೂಲ್ ವಿಷ್ಯ ನಾಳೇನೂ ಕೇಳ್ತೀನಿ.”

“ನಾನೂ ಕೇಳ್ತೀನಿ,” ಎಂದಳು ಅತ್ತೆ.

ಯಜಮಾನಿ ತಲೆ ಎತ್ತಲಿಲ್ಲ.

ಮನೆ ಇನ್ನೂ ದೂರವಿತ್ತು. ಅಮ್ಮನಿಗೆ ನಡೆಯಲಾಗಲಿಲ್ಲ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಬೀದಿ ದೀಪದ ಬೆಳಕಿನಲ್ಲಿ ಅಮ್ಮ ಮಗಳ ಕತ್ತಿನ ಪಕ್ಕ ಮುಟ್ಟಿ ನೋಡಿದಳು.

“ಏನೇ ಇದು, ಹೆಗಲೆಲ್ಲ ಕೆಂಪಗಾಗಿದೆ?”

“ಶಿಲುಬೆದು.”

“ನೋಯ್ತಿದೆಯಾ?”

ಕಡ್ಡಿ ಯೋಚಿಸಿದಳು. ಲಂಬುವಿನ ಹೆಗಲ ಮೇಲೂ ಈಗ ಇಂಥದ್ದೇ ಒಂದು ಗುರುತು ಇರುತ್ತದೆ.

“ನೋಯ್ತಿದೆ. ಆದ್ರೆ ಅರ್ಧಾನೇ.”

ಅಮ್ಮ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿದಳು. ಕಡ್ಡಿ ಒಂದು ಮೆಟ್ಟಿಲು ಕೆಳಗೆ ಜರುಗಿ, ಆ ಬಾತ ಕಾಲುಗಳನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಭಾರವಾಗಿದ್ದವು. ಅವಳು ಇಳಿಸಲಿಲ್ಲ.