ಒಡೆಯದ ನಿಂಬೆಹಣ್ಣು

ಅಕ್ಟೋಬರ್ 3, ಶುಕ್ರವಾರ, ಬೆಳಿಗ್ಗೆ 8.40. ದಸರೆಯ ಮರುದಿನ ಇಷ್ಟು ಬೇಗ ಯಾರು ಬರುತ್ತಾರೆಂದು ಪುಣೆ ಬಳಿಯ ಭೋಸರಿಯ ಪೊಲೀಸ್ ಠಾಣೆಯಲ್ಲಿ ಎರಡನೇ ಚಹಾಕ್ಕೆ ಹೇಳಿದ್ದರು. ಚಹಾದ ಜೊತೆಗೇ ಮುರುಗೆಪ್ಪ ಬಂದ. ವಿಜಯಪುರದ ಕಡೆಯ ಕಬ್ಬಿಣದ ವ್ಯಾಪಾರಿ. ಮೂರು ವರ್ಷದಿಂದ ತನ್ನದೇ ವರ್ಕ್‌ಶಾಪಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ಕಟ್ಟಿಸುತ್ತಿದ್ದ. ಜೊತೆಗೆ ಮಗಳು ರಂಜನಾ. ಕಳುವಾದದ್ದು ಆ ಕಾರೇ.

ಇನ್ಸ್‌ಪೆಕ್ಟರ್ ದೇವಾನಂದ ಅಕ್ಕಲಕೋಟೆಯವನು. ಇಬ್ಬರ ಮಾತಿನ ಧಾಟಿ ಕೇಳಿದ್ದೇ ಮರಾಠಿ ಬಿಟ್ಟು ಕನ್ನಡಕ್ಕಿಳಿದ.

“ಗಾಡಿ ಎಂಥಾದ್ದು?”

“ಎರಡ ಸೀಟಿಂದ್ರಿ. ಆರು ಲಕ್ಷಕ್ಕ ಮಾರಬೇಕಂತ ಇತ್ತು. ಬೈಕ್ ಹೊಡಿಯೋ ಹುಡುಗರಿಗೂ ಎಟಕಬೇಕು. ದೊಡ್ಡ ಇಂಜಿನ್ ಯಾಕ ಬೇಕ್ರಿ, ಭಾರ ಇಳಿಸಿದ್ರ ಸಣ್ಣದ ಹಾರಿಸ್ತದ.”

“ತೂಕ?”

“ಐನೂರಾ ನಲವತ್ತು ಕಿಲೋ.”

ರಂಜನಾ ಕೈಗಡಿಯಾರ ನೋಡುತ್ತಲೇ ಇದ್ದಳು. “ಇವತ್ತ ನಾಲ್ಕಕ್ಕ ಟ್ರ್ಯಾಕ್ ಮ್ಯಾಲ ಪರೀಕ್ಷೆ ಅದರಿ. ಓಡಸಾಕಿ ನಾನು. ಪಾಲುದಾರರು ನೋಡ್ಲಿಕ್ಕೆ ಬರ್ತಾರ. ಗಾಡಿ ಇಲ್ಲಂದ್ರ ಎಲ್ಲಾ ಮುಗೀತು.” ಆಮೇಲೆ ಯಾರೂ ಕೇಳದಿದ್ದರೂ ಹೇಳಿದಳು: “ಅದರಾಗ ಕೂತ್ರ ರಸ್ತಿ ಬೆನ್ನಿಗೆ ತಿಳೀತದ್ರಿ. ಕೋಟಿ ರೂಪಾಯಿ ಗಾಡಿಯೊಳಗ ಅದು ಸಿಗಂಗಿಲ್ಲ.”

9.25ಕ್ಕೆ ಎಫ್‌ಐಆರ್ ದಾಖಲಾಯಿತು. 10.10ಕ್ಕೆ ದೇವಾನಂದ ಮತ್ತು ಹವಾಲ್ದಾರ ಸ್ವಪ್ನಿಲ್ ಸಾಕ್ಷಿಗೆಂದು ಇಬ್ಬರು ಪಂಚರೊಂದಿಗೆ ವರ್ಕ್‌ಶಾಪಿನಲ್ಲಿದ್ದರು. ಹಿಂದಿನ ಷಟರಿನ ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆರೆದಿತ್ತು. ಕಾವಲುಗಾರ ನಿನ್ನೆ ಮಧ್ಯಾಹ್ನ ಬನ್ನಿ ಎಲೆ ಹಂಚಲು ಒಂದು ತಾಸು ಹೋಗಿದ್ದನ್ನು ತಲೆ ತಗ್ಗಿಸಿ ಒಪ್ಪಿಕೊಂಡ. ಬಂಗಾರ ಹಂಚಲು ಹೋದವನು ಗಾಡಿ ಕಳೆದ.

“ಮತ್ತೇನು ಹೋಗ್ಯದ?” ದೇವಾನಂದ ಕೇಳಿದ.

“ಸಣ್ಣ ವೆಲ್ಡಿಂಗ್ ಮಷೀನು. ಮುಖಕ್ಕ ಹಿಡಿಯೋ ಗ್ಲಾಸು,” ಎಂದ ಮುರುಗೆಪ್ಪ.

ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ಮೂಲೆಯಲ್ಲಿ ತಾಮ್ರದ ತಂತಿಯ ಸುರುಳಿ ಹಾಗೆಯೇ ಇದ್ದವು. ಇದೆಂಥ ಕಳ್ಳನೋ ದೇವಾನಂದನಿಗೆ ತಿಳಿಯಲಿಲ್ಲ. ಕಾರು ನಿಂತಿದ್ದ ಜಾಗದಲ್ಲಿ ಅರಿಶಿನ ಕುಂಕುಮ ಚೆಲ್ಲಿತ್ತು. ಅಲ್ಲೇ ಜಜ್ಜಿಹೋದ ಮೂರು ನಿಂಬೆಹಣ್ಣು. ನಾಲ್ಕನೆಯದು ಬೆಂಚಿನ ಕೆಳಗೆ ಇಡಿಯಾಗಿ ಬಿದ್ದಿತ್ತು.

“ಖಂಡೇನವಮಿ ಪೂಜಾದ್ರಿ. ನಾಲ್ಕೂ ಗಾಲಿ ಕೆಳಗ ಇಟ್ಟು ಗಾಡಿ ಮುಂದ ದಬ್ಬಿದ್ವಿ. ಒಂದು ಒಡಿಲಿಲ್ಲ, ಜಾರಿ ಹೊರಗ ಬಂತು. ಅಂಬಾರಾಯನ ಮುಖ ಸಪ್ಪಗಾತು,” ಎಂದ ಮುರುಗೆಪ್ಪ.

“ಯಾರವ?”

“ನಮ್ಮ ವೆಲ್ಡರು, ಕಲಬುರ್ಗಿ ಕಡೆಯವ. ಗಾಡಿ ಚೌಕಟ್ಟು ಅವನ ಕಟ್ಟಿದ್ದು. ಇವತ್ತ ಕೆಲಸಕ್ಕ ಬಂದಿಲ್ಲ, ಫೋನೂ ಹತ್ತವಲ್ದು.”

ಓಣಿಗೆ ಇದ್ದದ್ದು ಒಂದೇ ಬಾಯಿ. ಅಲ್ಲಿನ ಅಂಗಡಿಯ ಕ್ಯಾಮೆರಾವನ್ನು ಸ್ವಪ್ನಿಲ್ ಹನ್ನೆರಡೂವರೆಯವರೆಗೆ ನೋಡಿದ. ನಿನ್ನೆಯಿಂದ ಆ ಕಾರೂ ದಾಟಿರಲಿಲ್ಲ, ಅದನ್ನು ಹೊರಬಲ್ಲ ಟೆಂಪೋ ಕೂಡ ದಾಟಿರಲಿಲ್ಲ. ಇಂಜಿನ್ನಿನ ಸದ್ದು ಕೇಳಿದವರಿಲ್ಲ. ಐನೂರ ನಲವತ್ತು ಕಿಲೋ ಎಂದರೆ ಗಟ್ಟಿ ಆಳು ಒಬ್ಬನೇ ದಬ್ಬಬಹುದು. ಹಾಗಾದರೆ ಗಾಡಿ ಓಣಿಯಲ್ಲೇ ಇದೆ, ವೆಲ್ಡಿಂಗ್ ಮಷೀನಿಗೆ ಕರೆಂಟೂ ಬೇಕು. ಮುಚ್ಚಿದ ಶೆಡ್‌ಗಳ ಮೀಟರ್ ನೋಡುತ್ತ ಬಾ ಎಂದು ದೇವಾನಂದ ಸ್ವಪ್ನಿಲ್‌ನನ್ನು ಅಟ್ಟಿದ.

1.50. ಒಂಬತ್ತನೇ ಶೆಡ್ಡು. ವರ್ಷದಿಂದ ಬೀಗ ಬಿದ್ದಿದ್ದ ಕಾರ್ಖಾನೆ, ಅಂಬಾರಾಯ ಮೊದಲು ದುಡಿದ ಜಾಗ. ಮೀಟರಿನ ಕೆಂಪು ದೀಪ ಪಟಪಟ ಮಿಟುಕುತ್ತಿತ್ತು.

ಬಾಗಿಲು ತಳ್ಳಿದಾಗ ಒಳಗೆ ನೀಲಿ ಬೆಳಕು. ಕಾರು ಇಟ್ಟಿಗೆಗಳ ಮೇಲಿತ್ತು, ಅದರ ಕೆಳಗೆ ಎರಡು ಕಾಲು ಕಾಣುತ್ತಿದ್ದವು. ಸ್ವಪ್ನಿಲ್ ಲಾಠಿ ಎತ್ತಿದ. ಬೇಡವೆಂದು ದೇವಾನಂದ ಕೈ ಅಡ್ಡ ಹಿಡಿದ.

“ಅಂಬಾರಾಯ. ಹೊರಗ ಬಾ.”

“ಒಂದ ಜೋಡ ಬೆಸಿಯೋದು ಉಳದದ್ರಿ ಸಾಹೇಬ್ರ. ಹತ್ತು ಮಿನಿಟ್ ಕೊಡ್ರಿ.”

“ಬಾ ಹೊರಗ.”

ಬಂದ. ನಲವತ್ತು ದಾಟಿದ ಮನುಷ್ಯ, ಎರಡು ದಿನ ನಿದ್ದೆ ಕಾಣದ ಕಣ್ಣು.

“ಗಾಡಿ ಯಾಕ ಒಯ್ದಿ?”

“ಆ ಗಾಲಿ ಮ್ಯಾಲ ಭಾರ ಬೀಳವಲ್ದಾಗಿತ್ರಿ. ಬಿದ್ದಿದ್ರ ನಿಂಬಿಹಣ್ಣು ಒಡೀತಿತ್ತು. ಚೌಕಟ್ಟು ತಿರುಚ್ಯದ ಅಂತ ಆಗಲೇ ತಿಳೀತು.”

“ಮಾಲಕರಿಗೆ ಹೇಳಬೇಕಾಗಿತ್ತು.”

“ಹೇಳಿದ್ನಿರಿ. ನಿಂಬಿಹಣ್ಣಿನ ಮಾತು ಕೇಳಿ ಗಾಡಿ ನಿಲ್ಲಸ್ಲೇನು ಅಂತ ನಕ್ರು.”

“ನಿನ್ನೇನ ಯಾಕ ಮುಗಸಲಿಲ್ಲ?”

“ದಸರಾಕ್ಕ ಪೈಪಿನ ಅಂಗಡಿ ಎಲ್ಲಿ ತೆಗೀತಾವ್ರಿ. ಇವತ್ತ ಮುಂಜಾನೆ ಸಿಕ್ತು.”

ಅಷ್ಟರಲ್ಲಿ ಮುರುಗೆಪ್ಪ, ರಂಜನಾ ಓಡಿ ಬಂದರು. “ಕಳ್ಳಗೊಂದು ಪಿಳ್ಳೆ ನೆವ,” ಎಂದ ಮುರುಗೆಪ್ಪ. “ಸಾಹೇಬ್ರ, ಜಪ್ತಿ ಗಿಪ್ತಿ ನಾಳೆ ಮಾಡ್ರಿ. ನಾಲ್ಕಕ್ಕ ಗಾಡಿ ಬೇಕು.”

ರಂಜನಾ ದೇವಾನಂದನ ಟಾರ್ಚ್ ಇಸಿದುಕೊಂಡು ಹೊಸ ಸೀರೆಯಲ್ಲೇ ಕಾರಿನ ಕೆಳಗೆ ಸರಿದಳು. ಹಿಂದಿನ ಬಲಗಾಲಿಯ ಹತ್ತಿರ ಟಾರ್ಚ್ ನಿಂತಿತು.

“ಅಪ್ಪಾ, ಇಲ್ಲೆ ಅಡ್ಡಪೈಪ್ ಇತ್ತಲ್ಲ?”

ಮುರುಗೆಪ್ಪ ಬಾಗಿಲ ಕಡೆ ತಿರುಗಿದ. ಅಂಬಾರಾಯನೇ ಹೇಳಿದ: “ಹನ್ನೊಂದು ಕಿಲೋ ಇಳಸಬೇಕಂದ್ರು ಮಾಲಕರು. ಹೋದ ತಿಂಗಳು ನಾನ ಕೊಯ್ದೆರಿ.”

ಕೆಳಗಿನಿಂದ ರಂಜನಾಳ ದನಿ ಬಂತು. “ಬಿರುಕಿನ್ಯಾಗ ನನ್ನ ಉಗುರು ಹೋಗ್ತದ್ರಿ.”

ದೇವಾನಂದನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಬರೆಯಲು ಪಂಚನಾಮೆಯಲ್ಲಿ ಜಾಗವಿಲ್ಲ. ಕಾರು ಒಂದು, ವೆಲ್ಡಿಂಗ್ ಮಷೀನು ಒಂದು, ಹೊಸ ಪೈಪಿನ ತುಂಡು ಎರಡು ಎಂದು ಜಪ್ತಿಯಾದ ಮುದ್ದೆಮಾಲಿನ ಪಟ್ಟಿ ಬರೆಸಿದ. ನೌಕರನೇ ಮಾಡಿದ ಕಳವಿನ ಕಲಂ ಸೇರಿತು. ಬಂಧನದ ವೇಳೆ 2.50. ಮುರುಗೆಪ್ಪ ಬಾಗಿಲವರೆಗೂ ಬೆನ್ನು ಬಿಡಲಿಲ್ಲ.

“ಫಿರ್ಯಾದು ವಾಪಸ್ ತಗೋತೀನ್ರಿ.”

“ಅದನ್ನ ಕೋರ್ಟಿನ್ಯಾಗ ಹೇಳ್ರಿ.”

ನಾಲ್ಕು ಗಂಟೆಗೆ ರಂಜನಾ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು, ಸೆರಗಿಗೆ ಗ್ರೀಸು. ಒಳಗೆ ಸ್ವಪ್ನಿಲ್ ಅಂಬಾರಾಯನ ಹೇಳಿಕೆ ಬರೆದುಕೊಳ್ಳುತ್ತಿದ್ದ. ಹೇಳುವುದು ಮತ್ತೇನಾದರೂ ಇದೆಯೇ ಎಂದು ದೇವಾನಂದ ಕೇಳಿದ.

“ಆ ಗಾಡಿ ಭಾಳ ಚಂದ ಆಗ್ಯದ್ರಿ,” ಎಂದ ಅಂಬಾರಾಯ. “ಒಂದ ಸಲ ರಂಜನಾ ಅಕ್ಕಾರು ನನ್ನ ಬಾಜೂಕ ಕುಂಡ್ರಿಸಿಕೊಂಡು ಓಣಿ ಸುತ್ತ ಹಾಕಿಸಿದ್ರು. ಹೆದರೂದ ಗೊತ್ತಿಲ್ಲ ಅವರಿಗೆ. ನಾ ಕಟ್ಟೀನಿ ಅನ್ನೋ ನಂಬಿಕಿ ಮ್ಯಾಲ ಹೆದರಂಗಿಲ್ಲ.”