ಒದ್ದೆಯಾಗಿದ್ದ ಗೊಟ್ಟ

ಐವತ್ತರ ದಶಕದ ಒಂದು ಬೆಳಿಗ್ಗೆ ಯಲ್ಲದಕೆರೆಯ ಕುರಿಗಾರ ಜುಂಜಣ್ಣನನ್ನು ಬಾವಿಯಿಂದ ಮೇಲೆತ್ತಿದಾಗ ಉಸಿರಿತ್ತು, ಮಾತಿರಲಿಲ್ಲ. ಬಾವಿಯ ಬಳಿ ಇದ್ದವಳು ಸೊಸೆ ಯಲ್ಲಕ್ಕ ಒಬ್ಬಳೇ. ಕೂಗಿ ಜನ ಸೇರಿಸಿದವಳೂ ಅವಳೇ.

"ನೂಕಿದೋಳೂ ಇವ್ಳೇ!" ಜುಂಜಣ್ಣನ ತಮ್ಮ ಮೂರ್ತಪ್ಪ ಗುಡುಗಿದ. "ಡಾಕ್ಟ್ರಮ್ಮ, ನೀವು ನೋಡಿ ಹೇಳ್ರಿ. ಆಮೇಲೆ ಪೊಲೀಸ್ರನ್ನ ಕರೀತೀನಿ."

ಹಿರಿಯೂರಿನಿಂದ ಡಾಕ್ಟರ್ ದಾಕ್ಷಾಯಣಮ್ಮನ ಜೊತೆ ಅವರ ಕಾಂಪೌಂಡರ್ ನಾನೂ ಹೋಗಿದ್ದೆ. ಅಷ್ಟು ಬೈಗುಳದ ನಡುವೆಯೂ ಯಲ್ಲಕ್ಕ ನನ್ನ ಮಂಡಿನೋವು ಗಮನಿಸಿ, ಕಂಬಳಿಯನ್ನು ದಪ್ಪಗೆ ಮಡಿಸಿ ಹಾಸಿದಳು. ಅವಳ ಬಟ್ಟೆಯ ಗಂಟನ್ನು ಆಗಲೇ ಹೊಸಿಲಾಚೆ ಎಸೆದಿದ್ದರು.

"ಯಾರಾದರೂ ನೂಕಿದರೇನಪ್ಪ?" ದಾಕ್ಷಾಯಣಮ್ಮ ಜುಂಜಣ್ಣನನ್ನು ಕೇಳಿದರು.

ಜುಂಜಣ್ಣ ಗೋಡೆಯ ಕಡೆ ತಿರುಗಿದ. ಕಣ್ಣಲ್ಲಿ ನೀರು.

"ಯಾವಾಗಿನಿಂದ ಹೀಗೆ?"

"ಯುಗಾದಿ ಕಳೆದ್ಮೇಲೆ," ಹೆಂಡತಿ ನಿಂಗಕ್ಕ ಬಿಕ್ಕಿದಳು. "ನಗಾದಿಲ್ಲ, ಮಾತಾಡಾದಿಲ್ಲ. ಮೂಗು ಬ್ಯಾರೆ ಕಟ್ಟೈತೆ. ಟಗರಿನ ವಾಸ್ನೇನೂ ಗೊತ್ತಾಗಾದಿಲ್ವಂತೆ!"

"ನಾನು ಕೊಟ್ಟ ಬಿಪಿ ಮಾತ್ರೆ?"

"ತಪ್ಪಿಸಿಲ್ರವ್ವ."

"ಬೇರೆ ಮದ್ದು?"

"ಇಲ್ಲ." ಉತ್ತರ ತೀರ ಬೇಗ ಬಂತು.

ದಾಕ್ಷಾಯಣಮ್ಮ ಒಲೆಯ ಕಡೆ ನೋಡಿದರು. ಕುರಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಅಲ್ಲಿ ಗೂಟಕ್ಕೆ ತೂಗುತ್ತಿತ್ತು.

"ಕುರಿ ಎಲ್ಲಿ?"

"ನಮ್ಮನೆಯೋರ ಜೊತೆ ವಲಸೆ ಹೋಗ್ಯಾವೆ," ಎಂದಳು ಯಲ್ಲಕ್ಕ. "ಹಟ್ಟೀಲಿ ಒಂದು ಮರೀನೂ ಇಲ್ರಿ."

"ಹಾಗಾದರೆ ಈ ಗೊಟ್ಟ ಒದ್ದೆ ಯಾಕೆ?"

ನಿಂಗಕ್ಕ ಕುಸಿದು ಕೂತಳು.

"ಬಿಪಿ ಬೇಗ ಇಳೀಲಿ ಅಂತ ಸರ್ಪಗಂಧಿ ಬೇರು ತೇಯ್ದೆ. ಕಹಿ ಅಂತ ಮಖ ತಿರುವೋರು. ಮರಿಗೆ ಕುಡಿಸ್ದಂಗೆ ಕುಡಿಸ್ದೆ. ಮದ್ದಿನ ಹೆಸ್ರು ಬಾಯಿಬಿಟ್ರೆ ಫಲ ಹೋಗ್ತೈತಲ್ಲವ್ವ — ಅದ್ಕೇ ಇಬ್ರೂ ಹೇಳ್ಲಿಲ್ಲ."

"ಯಾರೂ ನೂಕಿಲ್ಲ, ಮೂರ್ತಪ್ಪ, ತಾನೇ ಹಾರಿದ್ದಾನೆ," ದಾಕ್ಷಾಯಣಮ್ಮ ಮೆಲ್ಲಗೆ ಹೇಳಿದರು. "ಮೆದುಳು ಕೆಲವು ರಾಸಾಯನಿಕಗಳ ಮೂಲಕ ನರಗಳಿಗೆ ಸುದ್ದಿ ಕಳಿಸುತ್ತೆ. ಆ ಸುದ್ದಿ ರಕ್ತನಾಳಗಳನ್ನ ಬಿಗಿ ಹಿಡಿಯುತ್ತೆ. ಈ ಬೇರು ಆ ರಾಸಾಯನಿಕಗಳ ದಾಸ್ತಾನನ್ನೇ ಬರಿದು ಮಾಡುತ್ತೆ. ರಕ್ತದೊತ್ತಡ ಇಳಿಯುತ್ತೆ, ಮೂಗು ಕಟ್ಟುತ್ತೆ. ತೀರ ಬರಿದಾದರೆ ಬದುಕುವ ಆಸೆಯೂ ಬತ್ತುತ್ತೆ."

"ಅಂಗಾರೆ ನಾನೇನಾ?" ನಿಂಗಕ್ಕ ಕೇಳಿದಳು.

"ನನ್ನ ಮಾತ್ರೆಯೂ ಅದೇ ಬೇರಿನದು, ನಿಂಗಕ್ಕ. ಅಪರಾಧಿ ಆ ಬೇರು. ಅರ್ಧ ನನ್ನ ಕೈಯಿಂದ ಬಂತು, ಅರ್ಧ ನಿನ್ನ ಕೈಯಿಂದ."

"ಬಿಟ್ರೆ ಸರಿಹೋಗ್ತಾನಾ?" ಮೂರ್ತಪ್ಪನ ದನಿ ಇಳಿದಿತ್ತು.

"ಬಿಟ್ಟರೆ ಒತ್ತಡ ಏರೀತು. ಆದರೂ ಬಿಡಲೇಬೇಕು. ಬರಿದಾದದ್ದು ತುಂಬೋಕೆ ವಾರಗಳೇ ಬೇಕು. ಅಲ್ಲಿಯವರೆಗೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ. ಒಬ್ಬರನ್ನೇ ಬಿಡಬೇಡಿ, ಅಷ್ಟೇ."

ಮೂರ್ತಪ್ಪ ಹೊರಗೆ ಹೋಗಿ ಗಂಟನ್ನು ಎತ್ತಿ ತಂದ. ಮಣ್ಣು ಕೊಡವಿದ. ಯಲ್ಲಕ್ಕನ ಮುಂದೆ ಹಿಡಿದ. ಯಲ್ಲಕ್ಕ ಅದನ್ನು ಇಸಿದುಕೊಂಡು, ಬಾವಿಯ ಕಡೆಯ ಬಾಗಿಲಿಗೆ ಒತ್ತಿಟ್ಟು, ಅದಕ್ಕೇ ಒರಗಿ ಕೂತಳು.

"ಮಲಗು ಮಾವ," ಎಂದಳು. "ನಾನಿಲ್ಲೇ ಇರ್ತೀನಿ."