ತೊಂಬತ್ತೊಂದು ಅಂಕದ ಸುಳ್ಳು

“ಈ ತೊಂಬತ್ತೊಂದು ಸುಳ್ಳು!”

ಆಸ್ಪತ್ರೆಯ ಹೊದಿಕೆ ಮಡಚುವ ಕೋಣೆಯ ಬಾಗಿಲಲ್ಲಿ ಅವಳ ಮಾದರಿ ಪತ್ರಿಕೆ ಹಿಡಿದು ನಿಂತು ಅವನು ಹಾಗೆಂದಾಗ ಅವಳು ಮಡಚುತ್ತಿದ್ದ ಹೊದಿಕೆಯನ್ನು ಕೆಳಗಿಟ್ಟಳು.

ಅವನು ಆ ವಾರ್ಡಿನ ಹಿರಿಯ ನರ್ಸ್. ಎಲ್ಲರ ಬಾಯಲ್ಲೂ ‘ಬ್ರದರ್’. ಅವಳ ನಾಲಿಗೆಗೆ ಮಾತ್ರ ಆ ಪದ ಸುತರಾಂ ಒಗ್ಗುತ್ತಿರಲಿಲ್ಲ, ‘ರೀ’ ಎಂದುಬಿಡುತ್ತಿದ್ದಳು. ಯಾಕೆಂದು ಬಿಡಿಸಿ ಹೇಳಬೇಕೇ?

ಅವಳು ನರ್ಸಿಂಗ್ ಓದಿ ಮುಗಿಸಿದ್ದರೂ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಅಲ್ಲೇ ಸಹಾಯಕಿಯಾಗಿ ಉಳಿದವಳು. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಜೀವಮಾನವಿಡೀ ಹೊದಿಕೆ ಮಡಚುವುದೇ ಗತಿ! ಈ ಸಲ ಬರೆಯುತ್ತಾಳೋ, ಆರು ತಿಂಗಳು ಮುಂದೂಡುತ್ತಾಳೋ... ಇವತ್ತು ಐದು ಗಂಟೆಯೊಳಗೆ ಪರೀಕ್ಷಾ ಮಂಡಳಿಗೆ ಫೋನಿನಲ್ಲೇ ತಿಳಿಸಬೇಕಿತ್ತು.

“ಐವತ್ತೆಂಟರಿಂದ ತೊಂಬತ್ತೊಂದಕ್ಕೆ ಬಂದಿದೀನಿ ರೀ! ಸುಳ್ಳು ಹೇಗಾಗತ್ತೆ?”

“ಅದೇ ಮಾದರಿ ಪತ್ರಿಕೇನ ಎಷ್ಟು ಸಲ ಬರೆದ್ರಿ?”

“...ಆರು.”

“ಸರಿ. ಉಸಿರಾಡೋಕೆ ಒದ್ದಾಡ್ತಿರೋ ರೋಗಿ. ಮೊದಲು ಏನು ಮಾಡ್ತೀರಿ?”

“ಹದಿನೇಳನೇ ಪ್ರಶ್ನೆ. ಉತ್ತರ ಸಿ!”

“ರೋಗಿ ಮುಂದೆ ನಿಂತು ‘ಸಿ’ ಅಂತೀರಾ? ಸಿ ಅಂದ್ರೆ ಏನು? ಯಾಕೆ?”

“ಅದು... ‘ಸಿ’ ಅನ್ನೋದಷ್ಟೇ ನೆನಪು,” ಅವಳು ತಡವರಿಸಿದಳು.

ಅವನು ಹೊಸ ಪತ್ರಿಕೆಯೊಂದನ್ನು ಮುಂದಿಟ್ಟ. ಊಟದ ಬಿಡುವಿನಲ್ಲಿ, ಹೊದಿಕೆಗಳ ರಾಶಿಯ ಮೇಲೇ ಹಾಳೆಯಿಟ್ಟು ಬರೆದಳು. ಅವನು ತಿದ್ದಿದ.

ಐವತ್ತನಾಲ್ಕು!

‘ಅಯ್ಯೋ... ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ, ಈ ಸಲ ಮಗಳು ಪಾಸೇ ಅಂತ. ಯಾವ ಮುಖ ಇಟ್ಕೊಂಡು ಮನೆಗೆ ಹೋಗಲಿ?’ ದುಃಖ ಒತ್ತರಿಸಿ ಬಂತು. ಬಂದ ದುಃಖವೆಲ್ಲ ಅವನ ಮೇಲೇ ಸಿಟ್ಟಾಗಿ ತಿರುಗಿತು.

“ಗೊತ್ತು ಬಿಡಿ! ನಾನು ನರ್ಸ್ ಆಗೋದು ನಿಮಗೆ ಬೇಕಾಗಿಲ್ಲ!”

“ಹೌದು. ಬೇಕಾಗಿಲ್ಲ.”

ಅವಳು ಹಾಳೆ ಎತ್ತಿಕೊಂಡು ಬಾಗಿಲತ್ತ ತಿರುಗಿದಳು.

“ಪಾಸಾದ್ರೆ ದೊಡ್ಡಾಸ್ಪತ್ರೆಗೆ ಹೊರಟುಹೋಗ್ತೀಯ. ಫೇಲಾದ್ರೆ ಇಲ್ಲೇ, ನನ್ನ ಕಣ್ಣೆದುರಿಗೇ ಇರ್ತೀಯ.” ‘ನೀವು’ ಹೋಗಿ ‘ನೀನು’ ಆದದ್ದು ಪಾಪ ಅವನಿಗೇ ತಿಳಿದಿರಲಿಲ್ಲ. “ಐದು ಗಂಟೆವರೆಗೆ ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು, ನೀನು ಈ ಸಲವೇ ಬರೆದು ಫೇಲಾಗ್ತಿದ್ದೆ. ಬೆಳಗ್ಗಿಂದ ಎಷ್ಟು ಪ್ರಯತ್ನಪಟ್ಟೆ... ಆಗ್ಲಿಲ್ಲ.”

ಅವಳು ಅವನನ್ನೇ ನೋಡಿದಳು. ಆಮೇಲೆ ಫೋನಿನಲ್ಲಿ ‘ಮುಂದೂಡಿ’ ಎಂಬುದನ್ನು ಒತ್ತಿದಳು.

ಇನ್ನಾರು ತಿಂಗಳು. ಅಮ್ಮನಿಗೆ ಏನು ಹೇಳುವುದೆಂದು ಈಗಲೂ ತೋಚಲಿಲ್ಲ. ಆಗಲಾದರೂ ಪಾಸಾಗುತ್ತಾಳೆಂದು ಯಾರು ಹೇಳಬಲ್ಲರು? ಕೈಯಲ್ಲಿರುವುದು ಬರೀ ಐವತ್ತನಾಲ್ಕು. ಕಣ್ಣೀರು ತಡೆಯಲಾಗಲಿಲ್ಲ.

ಅವನಿಗೆ ಸಮಾಧಾನ ಮಾಡಲು ಬರುತ್ತಿರಲಿಲ್ಲ. ಬರುವುದು ಒಂದೇ ವಿದ್ಯೆ. ಮೆಲ್ಲಗೆ ಕೇಳಿದ:

“ಉಸಿರಾಡೋಕೆ ಒದ್ದಾಡ್ತಿರೋ ರೋಗಿ. ಮೊದಲು?”

ಅವಳು ಮೂಗೊರೆಸಿಕೊಂಡಳು. “ಎತ್ತಿ ಕೂರಿಸ್ತೀನಿ.”

“ಯಾಕೆ?”

“ಮಲಗಿದ್ರೆ ಎದೆ ಒತ್ತತ್ತೆ... ಕೂತ್ರೆ ಉಸಿರು ಸ್ವಲ್ಪ ಸಲೀಸು.”

“ಸರಿ.” ಅವನು ಮೊದಲ ಸಲ ನಕ್ಕ.

“ರೀ...”

“ಹ್ಞೂಂ?”

“ನೀವಂದ್ರೆ ನಂಗಿಷ್ಟ.”

“ಯಾಕೆ?” ರೂಢಿಯಂತೆ ಕೇಳಿಬಿಟ್ಟು, ನಾಲಿಗೆ ಕಚ್ಚಿಕೊಂಡ.

ಈ ಸಲ ಅವಳು ತಡವರಿಸಲಿಲ್ಲ.

“ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಲ್ಲ ನಿಮಗೆ... ಅದಕ್ಕೆ.”